ಮೂರು ಗಾಡಿಗೆ ಒಂದೇ ಆರತಿ

ನಮ್ಮ ಯರಗುಪ್ಪಿಯ ಅಮೋಘಸಿದ್ದಪ್ಪನಿಗೆ ಒಂದು ಕಾಲಕ್ಕೆ ಮೂರು ಹೊಸ ಗಾಡಿಗಳಿದ್ದವು ಎನ್ನುವವರು ಇಂದಿಗೂ ಸಿಗುತ್ತಾರೆ. ಅವನ ಹೆಸರಿನಲ್ಲಿ ಒಂದು ಸೈಕಲ್ಲೂ ಇರಲಿಲ್ಲ ಎನ್ನುವವರೂ ಸಿಗುತ್ತಾರೆ. ಎರಡೂ ಕಡೆಯವರು ಕಣ್ಣಾರೆ ಕಂಡವರೇ. ನಾನೂ ಕಂಡವನಾದ್ದರಿಂದ ಹೇಳುತ್ತೇನೆ, ಇಬ್ಬರ ಮಾತೂ ಖರೆ. ನಗುವವರು ಪೂರ್ತಿ ಓದಿ ಆಮೇಲೆ ನಗಲಿ.

ಅದು ಎಂಬತ್ತಾರನೆಯ ಇಸವಿಯ ಮಳೆಗಾಲ. ನಮ್ಮ ಎರೆಮಣ್ಣಿಗೆ ನಾಲ್ಕು ಹನಿ ಬಿದ್ದರೆ ಸಾಕು, ಕಾಲು ಮೇಲೆ ಬರುತ್ತದೆ, ಚಪ್ಪಲಿ ಕೆಳಗೇ ಉಳಿಯುತ್ತದೆ. ಮನುಷ್ಯರು ಚಪ್ಪಲಿ ಕಳೆದುಕೊಂಡರೆ ಕುರಿಗಳು ಗೊರಸು ಕೆಡಿಸಿಕೊಳ್ಳುತ್ತವೆ. ಅಮೋಘಸಿದ್ದಪ್ಪನ ಹಿಂಡಿನಲ್ಲಿ ಅರ್ಧಕ್ಕರ್ಧ ಕುರಿಗಳು ಕುಂಟತೊಡಗಿದವು. ಕುಂದಗೋಳದ ದನದ ದವಾಖಾನೆಗೆ ಒಯ್ದರೆ ಸೂಜಿ ಹಾಕುತ್ತಾರೆ. ಆದರೆ ಒಯ್ಯುವುದು ಹೇಗೆ? ನಡೆಸಿಕೊಂಡು ಹೋದರೆ ದಾರಿಯಲ್ಲಿ ಅದೇ ಕೆಸರು. ಬಸ್ಸಿನವರು ಕುರಿ ಹತ್ತಿಸಿಕೊಳ್ಳುವುದಿಲ್ಲ. ಊರಿನಲ್ಲಿ ಸಾಮಾನು ಹೇರುವ ಗಾಡಿ ಎಂದರೆ ಈರಬಸಪ್ಪ ಸಾವುಕಾರನದೊಂದೇ. ಅದನ್ನು ಯಾವ ಕಂಪನಿ ಮಾಡಿತ್ತೋ ಗೊತ್ತಿಲ್ಲ, ನಮ್ಮಲ್ಲಿ ಚಿಕ್ಕ ಲಾರಿಗಳಿಗೆಲ್ಲ ಟೆಂಪೋ ಎಂದೇ ಹೆಸರು. ಈರಬಸಪ್ಪ ಡ್ರೈವರನನ್ನು ನಂಬದೆ ತಾನೇ ಅದನ್ನು ಓಡಿಸುತ್ತಿದ್ದ.

ಅಮೋಘಸಿದ್ದಪ್ಪನ ಹೆಂಡತಿ ಮೈಲಾರವ್ವ ಹೋಗಿ ಕೇಳಿದಳು. ಬಾಡಿಗೆ ಕೊಡುತ್ತೇವೆ, ಹೇರಿದ ಮೇಲೆ ತೊಳೆದೂ ಕೊಡುತ್ತೇವೆ ಎಂದಳು. ಈರಬಸಪ್ಪ ಗಾಡಿಯ ಗಾಜು ಒರೆಸುತ್ತಿದ್ದವನು ತಿರುಗಿಯೂ ನೋಡಲಿಲ್ಲ.

"ಇದು ಮೆಣಸಿನಕಾಯಿ ಚೀಲಾ ಹೇರೂ ಗಾಡಿ ಬೇ. ಕುರಿ ಹಟ್ಟಿ ಅಲ್ಲ. ಕುರೀನ ಮೆರಸಬೇಕಂತಿದ್ರ ನಿನ್ನ ಗಂಡಗ ಒಂದು ಗಾಡಿ ತಗೋ ಅನ್ನು."

ಅಲ್ಲಿದ್ದವರು ನಕ್ಕರು. ಅವರು ನಕ್ಕದ್ದನ್ನು ನಾನು ಇನ್ನೂ ಮರೆತಿಲ್ಲ. ಅದರಲ್ಲಿ ಇಬ್ಬರು ಅವನ ಗಾಡಿಯಲ್ಲಿ ಪುಕ್ಕಟೆ ಹುಬ್ಬಳ್ಳಿಗೆ ಹೋಗಿಬರುವವರು.

ಸುದ್ದಿ ಮೈಲಾರವ್ವನಿಗಿಂತ ಮೊದಲು ಅಲ್ಲಾಸಾಬನ ಚಹಾದಂಗಡಿ ಮುಟ್ಟಿತು. ಅಮೋಘಸಿದ್ದಪ್ಪ ಅಲ್ಲೇ ಕಂಬಳಿ ಹೊದ್ದು ಕೂತಿದ್ದ. ಬಶಿ ಕೆಳಗಿಟ್ಟು ಎದ್ದು ನಿಂತ.

"ತಗೋ ಅಂದ್ನಾ? ತಗೋತೀನಿ ತಡೀ. ಆದ್ರ ನೋಡಿ ತಗೋತೀನಿ. ಎಲ್ಲಾ ಕಂಪನಿದೂ ನೋಡತೀನಿ, ಎಂಜಿನ್ ಬಿಚ್ಚಿಸಿ ನೋಡತೀನಿ. ಕಂಡದ್ದನ್ನ ಹೊಡಕೊಂಡು ಬರಾಕ ನಾ ಏನು ಈರಬಸಪ್ಪ ಏನು?"

"ಅಮೋಘಣ್ಣಾ, ನೋಡಾಕರೇ ರೊಕ್ಕ ಬೇಕಲ್ಲೋ," ಎಂದ ಅಲ್ಲಾಸಾಬ.

"ನೋಡಾಕ ಕಣ್ಣು ಬೇಕು. ಎರಡದಾವ."

ಗಾಡಿಗಳ ಬಗ್ಗೆ ಅವನಿಗಿದ್ದ ಜ್ಞಾನವನ್ನು ಮುಚ್ಚಿಡುವುದು ಸರಿಯಲ್ಲ. ಗಾಲಿಗಳು ಕೆಳಗಿರುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಎಂಜಿನ್ನಿನ ವಿಷಯದಲ್ಲಿ ಮಾತ್ರ ಸ್ವಲ್ಪ ಹೆಚ್ಚಿನ ಅಭ್ಯಾಸವಿತ್ತು, ಏಕೆಂದರೆ ಅವನ ಮನೆಯ ಬಾಜೂಕೇ ಹಿಟ್ಟಿನ ಗಿರಣಿ ಇತ್ತು. ಗಿರಣಿ ನಿಂತಾಗ ಅದು ನಿಂತಿದೆ ಎಂದು ಊರಿಗೆಲ್ಲ ಮೊದಲು ಹೇಳುತ್ತಿದ್ದವನು ಅವನೇ.

ಮರುದಿನ ಹುಬ್ಬಳ್ಳಿ ಬಸ್ಸು ಹತ್ತಿದ. ಆಗ ಹೊಸ ನಮೂನೆಯ ಚಿಕ್ಕ ಲಾರಿ, ಪಿಕಪ್ ಗಾಡಿಗಳ ಸುಗ್ಗಿ. ಕಂಪನಿಗಳು ಜಪಾನಿನವರ ಜೊತೆ ಕೂಡಿಕೊಂಡು ಒಂದರ ಮೇಲೊಂದು ಬಿಡುತ್ತಿದ್ದವು. ನಾನು ಕಂಪನಿಗಳ ಹೆಸರು ಬರೆಯುವುದಿಲ್ಲ. ಅವರಿಗೆ ವಕೀಲರಿರುತ್ತಾರೆ, ನನಗಿಲ್ಲ. ಗಾಡಿಯ ಬಣ್ಣದ ಮೇಲೆ ಕರೆಯುತ್ತೇನೆ, ಮುಂದೆ ಯಾರೂ ನನ್ನನ್ನು ಹಿಡಿಯಬಾರದು.

ಮೊದಲು ಹೋದದ್ದು ನೀಲಿ ಗಾಡಿಯ ಷೋರೂಮಿಗೆ. ಇಸ್ತ್ರಿ ಅಂಗಿಯ ಏಜೆಂಟ ಕಂಬಳಿಯನ್ನು ನೋಡಿ ಸಂಶಯಪಟ್ಟರೂ ಬಾಯಿಪಾಠ ಶುರು ಮಾಡಿದ. ಡೀಸೆಲ್ ಎಂಜಿನ್, ನಾಲ್ಕು ಸಿಲಿಂಡರ್.

"ನಾಲ್ಕರಾಗ ಒಂದು ಕುಂಟಿತಂದ್ರ ಮೂರರ ಮ್ಯಾಲೆ ಮನಿಗೆ ಬರತೈತೇನ್ರಿ? ನನ್ನ ಕುರಿ ಬರತೈತಿ," ಎಂದ ಅಮೋಘಸಿದ್ದಪ್ಪ.

ಏಜೆಂಟ ಕಂಪನಿಯ ಕಾಗದದಲ್ಲಿ ಈ ಪ್ರಶ್ನೆಯನ್ನು ಹುಡುಕತೊಡಗಿದ. ಅದು ಸಿಗುವುದರೊಳಗೆ ಅಮೋಘಸಿದ್ದಪ್ಪ ಬಿಳಿ ಗಾಡಿಯ ಅಂಗಡಿಯಲ್ಲಿದ್ದ. ಅಲ್ಲಿನವನು ಕುದುರೆಯಿಂದ ಆರಂಭಿಸಿದ. ಇಷ್ಟು ಅಶ್ವಶಕ್ತಿ, ನೀಲಿಯವರಿಗಿಂತ ಹೆಚ್ಚು.

"ನಾ ಕುದುರಿ ಸಾಕಿಲ್ರಿ. ಕುರಿ ಲೆಕ್ಕದಾಗ ಹೇಳ್ರಿ."

"ಹಂಗ ಹೇಳಾಕ ಬರೂದಿಲ್ರಿ ಯಜಮಾನ್ರ. ಇದು ಜಪಾನ್ ಎಂಜಿನ್."

"ಜಪಾನದಾಗ ಎರಿಮಣ್ಣು ಐತೇನು?"

ಏಜೆಂಟ ಮ್ಯಾನೇಜರನ ಮುಖ ನೋಡಿದ. ಮ್ಯಾನೇಜರ ಗೋಡೆಯ ಕ್ಯಾಲೆಂಡರ್ ನೋಡಿದ. ಅದರಲ್ಲಿ ಜಪಾನಿನ ಗುಡ್ಡವಿತ್ತು, ಹೊಲ ಇರಲಿಲ್ಲ.

ಮೂರನೆಯದು ಕೆಂಪು ಗಾಡಿ. ಅವರದು ಎರಡು ನಮೂನೆ, ಪೆಟ್ರೋಲ್ ಎಂಜಿನ್ ಬೇಕಾದರೆ ಅದು, ಡೀಸೆಲ್ ಬೇಕಾದರೆ ಇದು. ಪೆಟ್ರೋಲಿನದು ಸದ್ದು ಕಡಿಮೆ, ಡೀಸೆಲಿನದು ಖರ್ಚು ಕಡಿಮೆ ಎಂದು ಏಜೆಂಟ ಬಿಡಿಸಿ ಹೇಳಿದ. ಅಮೋಘಸಿದ್ದಪ್ಪ ಬಹಳ ಹೊತ್ತು ವಿಚಾರ ಮಾಡಿ, ಪೆಟ್ರೋಲಿನ ಸದ್ದೂ ಡೀಸೆಲಿನ ಖರ್ಚೂ ಕೂಡಿದ್ದು ಕೊಡಿರಿ ಎಂದ. ಅಂಥದು ಇನ್ನೂ ಬಂದಿಲ್ಲ ಎಂದಾಗ, "ಬಂದ ಮ್ಯಾಲೆ ಅಂಗಡಿ ತಗೀಬೇಕಾಗಿತ್ತು," ಎಂದು ಬೈದ.

ಅವನು ಅಷ್ಟು ಬೈದದ್ದೇ ತಡ, ಕೆಂಪಿನವರು ಚಹಾ ತರಿಸಿದರು. ಬೈಯುವ ಗಿರಾಕಿ ಗಟ್ಟಿ ಗಿರಾಕಿ ಎಂದು ಅವರ ಲೆಕ್ಕ. "ಕುರಿ ಬೆದರತಾವೋ ಇಲ್ಲೋ ಅನ್ನೂದು ನಮ್ಮೂರಾಗ ನೋಡಬೇಕು. ನೀಲಿಯವರು ಗಾಡಿ ಮನೀತನಕ ತಂದು ತೋರಸ್ತೀವಿ ಅಂದಾರ," ಎಂದು ಅಮೋಘಸಿದ್ದಪ್ಪ ಒಂದು ಮಾತು ಬಿಟ್ಟ. ನೀಲಿಯವರು ಹಾಗೆ ಅಂದಿರಲಿಲ್ಲ. ಅವನು ತಿರುಗಿ ಹೋಗಿ, ಕೆಂಪಿನವರು ಬರುತ್ತಿದ್ದಾರೆ ಎಂದ ಮೇಲೆ ಅಂದರು. ಬಿಳಿಯವರು, ಆ ಇಬ್ಬರೂ ಬರುತ್ತಿದ್ದಾರೆ ಎಂದು ತಿಳಿದು, ಇವನು ಕೇಳದೆಯೇ ಅಂದರು. ಇಷ್ಟು ಮಾಡಿ ಅವನು ಸಂಜೆಯ ಬಸ್ಸಿಗೆ ಊರಿಗೆ ಬಂದು ಹೆಂಡತಿಗೆ ಏನೂ ಹೇಳದೆ ಮಲಗಿಬಿಟ್ಟ. ಗಂಡಸರ ಇಂಥ ಮೌನದಿಂದ ಎಷ್ಟು ಮನೆ ಕೆಟ್ಟಿವೆಯೋ ದೇವರೇ ಬಲ್ಲ.

ನಾಲ್ಕು ದಿನ ಬಿಟ್ಟು ಒಂದು ಮುಂಜಾನೆ ಮೂರೂ ಗಾಡಿಗಳು ಒಂದರ ಹಿಂದೊಂದು ಊರು ಹೊಕ್ಕವು. ಅಮೋಘಸಿದ್ದಪ್ಪ ಕುರಿಗೆ ಸೊಪ್ಪು ತರಲು ಹೊಲದ ಕಡೆ ಹೋಗಿದ್ದ. ನೀಲಿ ಮತ್ತು ಬಿಳಿ ಗಾಡಿಗಳು ಅವನ ಬಾಗಿಲ ಮುಂದೆ ನಿಂತವು. ಓಣಿ ಇಕ್ಕಟ್ಟಾದ್ದರಿಂದ ಕೆಂಪು ಗಾಡಿ ಓಣಿಯ ತುದಿಯಲ್ಲಿ, ನೀರು ಹೊಡೆಯುವ ಬೋರಿಂಗಿನ ಹತ್ತಿರವೇ ನಿಂತಿತು. ಏಜೆಂಟರು ಇಳಿದು ಕೈಮುಗಿದು, "ಅಮೋಘಸಿದ್ದಪ್ಪನವರ ಗಾಡಿ ತಂದೀವ್ರಿ ಅವ್ವಾರ," ಎಂದರು.

ಗಂಡ ಏನೂ ಹೇಳಿರದ ಮೈಲಾರವ್ವನಿಗೆ ಕೇಳುವುದು ಬಹಳವಿತ್ತು. ಆದರೆ ಅವಳ ಮನೆಯಲ್ಲಿ ಒಂದು ರೀತಿ ಇತ್ತು. ಬಾಗಿಲಿಗೆ ಹೊಸದಾಗಿ ಎತ್ತು ಬರಲಿ, ಟಗರು ಬರಲಿ, ಸೊಸೆ ಬರಲಿ, ಮೊದಲು ಕಾಲಿಗೆ ನೀರು, ಹಣೆಗೆ ದೇವರ ಅರಿಸಿನದ ಭಂಡಾರ, ಆಮೇಲೆ ಆರತಿ. ಪ್ರಶ್ನೆಗಳೆಲ್ಲ ಅದಾದ ಮೇಲೆ. ತಂಬಿಗೆ ತಂದು ನೀಲಿ ಗಾಡಿಯ ನಾಲ್ಕೂ ಗಾಲಿಗೆ ನೀರು ಹಾಕಿದಳು. ಭಂಡಾರದ ಬಟ್ಟಲು ಹಿಡಿದು ಗಾಡಿಯ ಮುಂದೆ ನಿಂತು ಅನುಮಾನಿಸಿದಳು.

"ಇದಕ್ಕ ಹಣಿ ಯಾವದ್ರಿ?"

ಏಜೆಂಟ ಗಾಜಿನ ಕೆಳಗೆ ತೋರಿಸಿದ. ಅಲ್ಲಿ ಹಳದಿ ಬಳಿದು ಆರತಿ ಎತ್ತಿದಳು. ಬಿಳಿಯವನು ಮುಖ ಸಣ್ಣದು ಮಾಡಿದ್ದನ್ನು ಕಂಡು ಅದಕ್ಕೂ ಎತ್ತಿದಳು. ಬಂದ ಅತಿಥಿಯಲ್ಲಿ ಭೇದ ಮಾಡಬಾರದೆಂದು ತಟ್ಟೆ ಹಿಡಿದು ಬೋರಿಂಗಿನವರೆಗೂ ನಡೆದು ಕೆಂಪು ಗಾಡಿಗೂ ಎತ್ತಿ ಬಂದಳು.

ಇಲ್ಲಿ ಪರ ಊರವರಿಗೆ ಒಂದು ಮಾತು. ನಮ್ಮೂರಲ್ಲಿ ಎತ್ತಿನ ವ್ಯವಹಾರಕ್ಕೆ ಕಾಗದವಿಲ್ಲ. ಮನೆಯ ಹೆಣ್ಣುಮಗಳು ಭಂಡಾರ ಹಚ್ಚಿ ಆರತಿ ಎತ್ತಿದಳೆಂದರೆ ವ್ಯವಹಾರ ಮುಗಿಯಿತು. ಆಮೇಲೆ ಮಾರಿದವನು ಮರಳಿ ಕೇಳುವಂತಿಲ್ಲ, ಕೊಂಡವನು ಹಿಂದಕ್ಕೆ ಕೊಡುವಂತಿಲ್ಲ. ಎದುರು ಮನೆಯ ಮಲ್ಲಕ್ಕ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕಂಡಳು. ಕಾಳು ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಡುವಷ್ಟೂ ತಾಳ್ಮೆ ಅವಳಿಗಿರಲಿಲ್ಲ, ಹಿಡಿದುಕೊಂಡೇ ಓಡಿದಳು.

"ಅಮೋಘಸಿದ್ದ ಮೂರು ಗಾಡಿ ತಗೊಂಡಾನ! ಮೈಲಾರಿ ಆರತೀನೂ ಎತ್ತಿದ್ಲು! ಒಂದಲ್ಲಬೇ ಯವ್ವಾ, ಮೂರು!"

ಅಮೋಘಸಿದ್ದಪ್ಪ ಬಂದು ಮೂರೂ ಎಂಜಿನ್ನುಗಳ ಮೇಲೆ ಕಿವಿಯಿಟ್ಟು ಕೇಳಿ, "ಉಸರು ಚಲೋ ಐತಿ, ವಿಚಾರ ಮಾಡತೀನಿ," ಎಂದು ಗಾಡಿಗಳನ್ನು ಕಳಿಸಿಕೊಟ್ಟ. ಊರು ಅದನ್ನು ಬೇರೆಯೇ ತಿಳಿಯಿತು. ಗಾಡಿಗಳು ನಂಬರ್ ಹಾಕಿಸಿಕೊಂಡು ಬರಲು ಧಾರವಾಡಕ್ಕೆ ಹೋಗಿವೆ ಎಂದಿತು.

ಆ ವಾರ ಅವನಿಗೆ ಸಿಕ್ಕ ಮರ್ಯಾದೆಯನ್ನು ನಾನು ಯಾವ ಶಾಸಕರಿಗೂ ಸಿಕ್ಕಿದ್ದು ನೋಡಿಲ್ಲ. ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಅವನು ಕೈ ಮಾಡದಿದ್ದರೂ ಸೀಟಿ ಊದಿ ನಿಲ್ಲಿಸಿ, "ನಮ್ಮ ಬಸ್ಸು ನಿಮಗೆಲ್ಲಿ ಹಿಡಸ್ತೈತ್ರಿ ಈಗ," ಎಂದು ನಕ್ಕು ಮುಂದೆ ಹೋದ. ಊರಿನ ಜಮೀನು ಲೆಕ್ಕ ಬರೆಯುವ ತಲಾಟಿಯವರು ಸ್ವತಃ ಮನೆಗೆ ಬಂದು, ಅವನ ಒಂದು ಖೋಲಿಯ ಮನೆಯನ್ನೂ ಅದರ ಮುಂದಿನ ಕುರಿ ಹಟ್ಟಿಯನ್ನೂ ಸರಕಾರದ ಗಾಂಭೀರ್ಯದಿಂದ ನೋಡಿ ಕೇಳಿದರು.

"ಗಾಡಿ ಎಲ್ಲಿ ನಿಲ್ಲಸೂ ವಿಚಾರ ಅಮೋಘಸಿದ್ದಪ್ಪ? ಗಾಯರಾಣದಾಗ ನಿಲ್ಲಸಾಕ ಬರೂದಿಲ್ಲ ನೋಡು, ಅದು ದನಾ ಮೇಯೂ ಜಾಗಾ."

"ಗಾಡಿ ಹುಲ್ಲು ತಿಂತಾವೇನ್ರಿ ಸಾಹೇಬ್ರ?"

"ತಿನ್ನೂದಿಲ್ಲ. ಆದ್ರೂ ಅರ್ಜಿ ಕೊಡಬೇಕಾಗತೈತಿ."

ಮಿಶ್ರಿಕೋಟಿಯಿಂದ ಮೈಲಾರವ್ವನ ಅಣ್ಣ ಭರಮಪ್ಪ ಚೀಲ ಹೊತ್ತು ಬಂದ. ಮೂರು ಗಾಡಿಗೆ ಮೂರು ಡ್ರೈವರ್ ಬೇಕು, ಒಬ್ಬನಾದರೂ ಮನೆಯವನಿರಲಿ ಎಂಬುದು ಅವನ ವಾದ.

"ನಿನಗ ಗಾಡಿ ಎಲ್ಲಿ ಬರತೈತೋ ಅಣ್ಣಾ?" ಎಂದಳು ತಂಗಿ.

"ಡ್ರೈವರನ ಬಾಜೂಕ ಕುಂತು ಕುಂತು ಎಲ್ಲಾ ನೋಡೀನಿ. ಹಾರ್ನ್ ಅಂತೂ ಪೂರಾ ಬರತೈತಿ."

ಗಂಡನನ್ನು ಮೈಲಾರವ್ವ ಗಾಡಿಗಳು ಬಂದ ದಿನವೇ ಕೇಳಿ ನಿಜ ತಿಳಿದುಕೊಂಡಿದ್ದಳು. "ಊರಿಗೆ ಹೇಳಿಬಿಡ್ರಿ, ತಗೊಂಡಿಲ್ಲ ಅಂತ," ಎಂದಳು.

"ತಗೊಂಡೀನಿ ಅಂತ ನಾ ಯಾರ ಮುಂದ ಹೇಳೀನಿ? ನೋಡಾಕತ್ತೀನಿ ಅಂದೀನಿ. ನೋಡಾಕತ್ತೀನಿ! ಬಡವಾ ಗಾಡಿ ನೋಡಬಾರದು ಅಂತ ಕಾಯ್ದೆ ಐತೇನು? ಈರಬಸಪ್ಪ ನಗಲಿ ಇನ್ನೊಂದು ಸಲ, ನೋಡೂಣು."

ಈರಬಸಪ್ಪ ನಗುವ ಸ್ಥಿತಿಯಲ್ಲಿರಲಿಲ್ಲ. ಊರಿಗೆ ಮೂರು ಹೊಸ ಗಾಡಿ ಬಂದರೆ ತನ್ನ ಹಳೆಯ ಟೆಂಪೋಗೆ ಮೆಣಸಿನಕಾಯಿ ಚೀಲ ಕೊಡುವವರಾರು ಎಂದು ಅವನಿಗೆ ಊಟ ಸೇರದಾಯಿತು. ಕೊನೆಗೆ ತಡೆಯಲಾರದೆ ಹುಬ್ಬಳ್ಳಿಗೆ ಹೋಗಿ ಮೂರೂ ಅಂಗಡಿಯಲ್ಲಿ ವಿಚಾರಿಸಿದ. ಅಮೋಘಸಿದ್ದಪ್ಪ ಯಾವುದನ್ನೂ ಕೊಂಡಿಲ್ಲ ಎಂದು ತಿಳಿದಾಗ ಅವನಿಗೆ ಹಸಿವೆ ಮರಳಿ ಬಂತು. ಹಸಿವೆಯ ಜೊತೆ ಒಂದು ಉಪಾಯವೂ ಬಂತು.

ಮರುದಿನ ಹನಮಂತದೇವರ ಗುಡಿಯ ಕಟ್ಟೆಯ ಮೇಲೆ ಊರು ಸೇರಿತು. ಈರಬಸಪ್ಪ ಮೂವರು ಏಜೆಂಟರನ್ನೂ ತನ್ನ ಟೆಂಪೋದಲ್ಲೇ ಕರೆತಂದು, ಗಾಡಿಯನ್ನು ಕಟ್ಟೆಯ ಪಕ್ಕ ನಿಲ್ಲಿಸಿ, ಹಿರಿಯರಾದ ಶಂಭುಲಿಂಗಪ್ಪನವರ ಬಲಕ್ಕೆ ಕೂತ. ಎತ್ತಿನ ವ್ಯವಹಾರದಲ್ಲಿ ಶಂಭುಲಿಂಗಪ್ಪನವರು ಒಂದು ಸಲ ಹೇಳಿದರೆ ಎರಡನೆಯ ಮಾತಿಲ್ಲ. ಅವರೂ ಎರಡನೆಯ ಸಲ ಹೇಳುತ್ತಿರಲಿಲ್ಲ, ಅಷ್ಟು ಹೊತ್ತಿಗೆ ಮರೆತಿರುತ್ತಿದ್ದರು.

"ಅಜ್ಜಾರ, ನೀವ ಹೇಳ್ರಿ," ಎಂದು ಈರಬಸಪ್ಪ ಶುರು ಮಾಡಿದ. "ಹೆಣ್ಣಮಗಳು ಭಂಡಾರ ಹಚ್ಚಿ ಆರತಿ ಎತ್ತಿದ ಮ್ಯಾಲೆ ಆ ಎತ್ತು ಯಾರದು?"

"ಆ ಮನೀದು," ಎಂದರು ಶಂಭುಲಿಂಗಪ್ಪನವರು. "ನಮ್ಮಪ್ಪನ ಕಾಲದಿಂದ ಹಂಗ ನಡದೈತಿ."

"ಎತ್ತಿಗೊಂದು ಗಾಡಿಗೊಂದು ನ್ಯಾಯ ಐತೇನ್ರಿ?"

"ಇಲ್ಲ. ಎಳಿಯೂದೆಲ್ಲಾ ಒಂದ."

"ಮುಗೀತಲ್ಲ! ಮೂರಕ್ಕೂ ಆರತಿ ಆಗೇತಿ. ಮೂರೂ ತಗೋಬೇಕು. ಆಗೂದಿಲ್ಲಂದ್ರ ಈ ಕಟ್ಟೀ ಮ್ಯಾಲೆ ನಿಂತು ಕೈ ಮುಗದು, ನಾ ಕುರಿ ಕಾಯಾಂವ, ಗಾಡಿ ಗೊಡವಿ ನಮ್ಮಂಥವರಿಗಲ್ಲ, ತಪ್ಪಾತು ಅನ್ನಬೇಕು."

ಏಜೆಂಟರಿಗೆ ಈ ನ್ಯಾಯ ಬಹಳ ಹಿಡಿಸಿತು. ನೀಲಿಯವನು ಮೊದಲ ಆರತಿ ನಮ್ಮದು ಎಂದ. ಬಿಳಿಯವನು ನಮ್ಮ ಗಾಡಿಗೆ ಭಂಡಾರ ದಪ್ಪಗೆ ಹಚ್ಚಿದ್ದಾರೆ ಎಂದ. ಕೆಂಪಿನವನು ಪೆಟ್ರೋಲೋ ಡೀಸೆಲೋ ಎಂದು ಅಲ್ಲೇ ಕೇಳಿದ.

ಅಮೋಘಸಿದ್ದಪ್ಪ ಎದ್ದು ನಿಂತ. ಕೈ ಮುಗಿಯುತ್ತಾನೆ ಎಂದು ಊರು ಕಾಯಿತು. ಮುಗಿದುಬಿಟ್ಟರೆ ಅವತ್ತಿನ ಮಟ್ಟಿಗೆ ಎಲ್ಲ ಸಲೀಸು. ಆದರೆ ಅವನ ಕುಂಟುವ ಕುರಿಗಳು ಅಲ್ಲೇ ಗುಡಿಯ ಹಿಂದೆ ನಿಂತಿದ್ದವು. ಕೈ ಮುಗಿದರೆ ಅವು ಸಾಯುವವರೆಗೂ ಗಾಡಿ ಹತ್ತುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

"ಮುಗಿಯೂದಿಲ್ಲ," ಎಂದ. "ನೋಡಿದ್ದು ತಪ್ಪಲ್ಲ. ಮೂರು ಕಂಪನಿಯವರು ನನ್ನ ಬಾಗಲಿಗೆ ಬಂದ್ರು, ಈರಬಸಪ್ಪನ ಬಾಗಲಿಗೆ ಒಬ್ಬನೂ ಬರಲಿಲ್ಲ, ಅದ ಅವನ ಹೊಟ್ಟ್ಯಾಗಿನ ಉರಿ. ಮತ್ತ ಆ ಕೆಂಪು ಗಾಡಿ ನಮ್ಮ ಬಾಗಲಿಗೆ ಬಂದೇ ಇಲ್ಲ. ಬೋರಿಂಗಿನ ಕಡೆ ನಿಂತಿತ್ತು. ಅದು ಲೆಕ್ಕಕ್ಕಿಲ್ಲ."

ಶಂಭುಲಿಂಗಪ್ಪನವರು ತಲೆ ಕೆರೆದುಕೊಂಡರು. ಈ ಮಾತಿನಲ್ಲಿ ತೂಕ ಇತ್ತು. ಈರಬಸಪ್ಪ ಬಿಡಲಿಲ್ಲ, ಎದ್ದು ನಿಂತೇ ಕೂಗಿದ.

"ಎಲ್ಲಿ ನಿಂತ್ರೇನು? ಭಂಡಾರ ಬಿತ್ತಂದ್ರ ಬಿತ್ತು! ಬಾಗಲಾಗ ನಿಂತಿರ್ಲಿ, ಬೀದ್ಯಾಗ ನಿಂತಿರ್ಲಿ, ಕಟ್ಟೀ ಮುಂದ ನಿಂತಿರ್ಲಿ, ದೇವರ ಭಂಡಾರಕ್ಕ ಜಾಗಾ ಕೇಳ್ತೀರೇನು?"

"ಖರೆ," ಎಂದರು ಶಂಭುಲಿಂಗಪ್ಪನವರು. "ಜಾಗಾದ ಮಾತಿಲ್ಲ. ಎಲ್ಲಿ ನಿಂತಿದ್ರೂ ನಡೀತೈತಿ."

"ಹಂಗಾರ ಮೂರೂ ಇಟ್ಟಗೋತೀನಿ!" ಎಂದು ಅಮೋಘಸಿದ್ದಪ್ಪ ಗುಡುಗಿದ. "ಏನ್ ಮಾಡ್ತೀರಿ ಮಾಡ್ರಿ!" ಅವನು ಏನು ಹೇಳುತ್ತಿದ್ದಾನೆಂದು ಅವನಿಗೇ ಗೊತ್ತಿರಲಿಲ್ಲ. ಏಜೆಂಟರು ಮೂವರೂ ಒಮ್ಮೆಲೇ ಪೆನ್ನು ತೆಗೆದರು. ಭರಮಪ್ಪ ಹೆಂಗಸರ ಸಾಲಿನ ಹಿಂದಿನಿಂದ ತಂಗಿಯನ್ನು ಹುಡುಕಿದ. ಮೈಲಾರವ್ವ ಅಲ್ಲಿರಲಿಲ್ಲ.

ಅವಳು ಮನೆಗೆ ಹೋಗಿದ್ದಳು. ಬರುವಾಗ ಕೈಯಲ್ಲಿ ಆರತಿ ತಟ್ಟೆ ಇತ್ತು, ಸೊಂಟದ ಮೇಲೆ ನೀರಿನ ಕೊಡ ಇತ್ತು. ಯಾರ ಮುಖವನ್ನೂ ನೋಡದೆ ನೇರ ಈರಬಸಪ್ಪನ ಟೆಂಪೋದ ಕಡೆ ನಡೆದಳು. ನಾಲ್ಕು ಗಾಲಿಗೆ ನೀರು ಹಾಕಿದಳು. ಹಣೆ ಯಾವುದು ಎಂದು ಈಗ ಕೇಳಬೇಕಾಗಿರಲಿಲ್ಲ. ಗಾಜಿನ ಕೆಳಗೆ ಮುಷ್ಟಿ ತುಂಬ ಭಂಡಾರ ಬಳಿದು, ಸೆರಗು ಸರಿಮಾಡಿಕೊಂಡು, ಮೂರು ಸುತ್ತು ಆರತಿ ಎತ್ತಿದಳು.

"ಇದೂ ನಮ್ಮದಾತಲ್ರಿ ಅಜ್ಜಾರ?"

ಅಲ್ಲಾಸಾಬ ಮೊದಲು ನಕ್ಕ. ಆಮೇಲೆ ಮಲ್ಲಕ್ಕ. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದೇ ಸುಲಭ, ಈರಬಸಪ್ಪ ನಗಲಿಲ್ಲ.

"ಏ, ಏ! ನಾ ಏನು ಇದನ್ನ ಮಾರಾಕ ತಂದೀನೇನು?"

"ನಾ ಏನು ಆ ಮೂರು ಕೊಳ್ಳಾಕ ಕರದೀನೇನು?" ಎಂದ ಅಮೋಘಸಿದ್ದಪ್ಪ. ಹೆಂಡತಿ ಮಾಡಿದ್ದು ಅವನಿಗೆ ಆಗ ಅರ್ಥವಾಗಿತ್ತು, ಮೊದಲಿನಿಂದಲೂ ತನ್ನದೇ ವಿಚಾರವಿದು ಎನ್ನುವಂತೆ ಎದೆ ಸೆಟೆಸಿದ.

"ಅಜ್ಜಾರ, ಅನ್ನಾಯ!" ಎಂದ ಈರಬಸಪ್ಪ.

ಶಂಭುಲಿಂಗಪ್ಪನವರು ಅಗಿಯುತ್ತಿದ್ದ ಎಲೆಯಡಿಕೆ ಉಗುಳಿ ಬಂದು ಕೂತರು. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡರೆ ಅಪ್ಪನ ಕಾಲದ ಮಾತು ಹೋಗುತ್ತದೆ. ತೆಗೆದುಕೊಳ್ಳದಿದ್ದರೆ ಸಾವುಕಾರನ ಗಾಡಿ ಹೋಗುತ್ತದೆ. "ಅವನವಾದ್ರ ನಾಲ್ಕೂ ಅವನವು," ಎಂದರು ಕೊನೆಗೆ, "ಇಲ್ಲಂದ್ರ ಒಂದೂ ಅಲ್ಲ. ಈರಬಸಪ್ಪಾ, ಆಡಿದಾಂವ ನೀ. ಯಾವದು ಬೇಕು ನೀನ ಹೇಳು."

"ಒಂದೂ ಬ್ಯಾಡ್ರಿ! ಆರತೀನೂ ಬ್ಯಾಡ, ಲೆಕ್ಕಾನೂ ಬ್ಯಾಡ!"

ಏಜೆಂಟರು ಪೆನ್ನು ಒಳಗಿಟ್ಟರು. ಊರು ಅಲ್ಲಿಗೆ ಮುಗಿಯಿತೆಂದು ಏಳತೊಡಗಿತು. ಆದರೆ ಮೈಲಾರವ್ವ ಟೆಂಪೋದ ಮುಂದಿನಿಂದ ಸರಿಯಲಿಲ್ಲ. ತಟ್ಟೆಯಲ್ಲಿ ಆರತಿ ಇನ್ನೂ ಉರಿಯುತ್ತಿತ್ತು.

"ನಿಮ್ಮ ಗಾಡಿ ನಮಗೂ ಬ್ಯಾಡ್ರಿ ಸಾವ್ಕಾರ್ರ. ಆದ್ರ ಭಂಡಾರ ಒರಸೂದು ಅಂದ್ರ ದೇವರಿಗೆ ಒಂದು ಮಾತು ಕೊಡಬೇಕಾಗತೈತಿ. ಊರಾಗ ಯಾರ ಕುರಿ ಕುಂಟಿದ್ರೂ, ಯಾರ ಎಮ್ಮಿ ಬಿದ್ದ್ರೂ, ಕರದಾಗ ಈ ಗಾಡಿ ಕುಂದಗೋಳಕ್ಕ ಹೋಗತೈತಿ ಅಂತ. ಬಾಡಿಗಿ ಎಲ್ಲಾರಿಗೂ ಎಷ್ಟೋ ನಮಗೂ ಅಷ್ಟ. ಕೊಡ್ತೀರೋ, ನಾ ನಮ್ಮಣ್ಣಗ ಹಾರ್ನ್ ಹೊಡಿ ಅನ್ಲೋ?"

ಭರಮಪ್ಪ ಆಗಲೇ ಡ್ರೈವರನ ಬಾಗಿಲು ತೆಗೆದಿದ್ದ.

ಈರಬಸಪ್ಪ ಊರಿನ ಮುಖ ನೋಡಿದ. ಹಿಂದೆ ನಕ್ಕವರೇ ಈಗಲೂ ನಗುತ್ತಿದ್ದರು, ಅವರಿಗೆ ಯಾರ ಕಡೆಯಾದರೇನು. ಅವಳ ತಟ್ಟೆಯ ಭಂಡಾರದಲ್ಲಿ ಬೆರಳು ಅದ್ದಿ ಹಣೆಗೆ ಹಚ್ಚಿಕೊಂಡು, ಹಲ್ಲಿನ ಸಂದಿಯಿಂದ, "ಆತು," ಎಂದ.

"ಹಂಗಾರ ಇವತ್ತ ಹೋಗೂಣು," ಎಂದ ಅಮೋಘಸಿದ್ದಪ್ಪ.

ಏಜೆಂಟರ ಇಸ್ತ್ರಿ ಅಂಗಿಗಳು ಅವತ್ತು ಉಪಯೋಗಕ್ಕೆ ಬಂದವು. ಕುಂಟುವ ಕುರಿಗಳನ್ನು ಒಂದೊಂದಾಗಿ ಎತ್ತಿ ಹೇರಲು ಕೈ ಬೇಕಾಗಿತ್ತು, ಮತ್ತು ಅವರಿಗೆ ತಿರುಗಿ ಹುಬ್ಬಳ್ಳಿಗೆ ಹೋಗಲು ಕುಂದಗೋಳದ ತನಕ ಇದೇ ಗಾಡಿ ಬೇಕಾಗಿತ್ತು. ಅಮೋಘಸಿದ್ದಪ್ಪ ಮೇಲೆ ನಿಂತು, ನಿಮ್ಮ ಕಂಪನಿಯ ಎಂಜಿನ್ನಿಗೆ ಇಷ್ಟು ಕುರಿ ತಡೆಯುತ್ತಿತ್ತೋ ಇಲ್ಲವೋ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದ. ಎಲ್ಲಕ್ಕಿಂತ ಹೆಚ್ಚು ಕುಂಟುತ್ತಿದ್ದ ಕುರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಮೈಲಾರವ್ವ ಮುಂದಿನ ಸೀಟಿನಲ್ಲಿ ಈರಬಸಪ್ಪನ ಪಕ್ಕ ಕೂತಳು.

ಈರಬಸಪ್ಪ ಟವೆಲಿನಿಂದ ಮೂಗು ಮುಚ್ಚಿಕೊಂಡು ಗಾಡಿ ಚಾಲೂ ಮಾಡಿದ. ಕುರಿ ಒಂದು ಸಲ ಸೀನಿತು. ಮೈಲಾರವ್ವ ಅದರ ಮುಖ ಒರೆಸಿ, ಸಾವುಕಾರನ ಕಡೆ ತಿರುಗಿ ಹೇಳಿದ ಮಾತು ಹಿಂದೆ ನಿಂತಿದ್ದ ನಮಗೆಲ್ಲ ಕೇಳಿಸಿತು:

"ನಿಮ್ಮ ಕಡೆ ಕಿಡಕಿ ತಗೀರಿ ಸಾವ್ಕಾರ್ರ. ಕುರಿಗೆ ಡೀಸೆಲ್ ನಾತ ಆಗಿಬರೂದಿಲ್ಲ."